ದುಬೈನಿಂದ ಬಂದ ಬಿಪಿ ಮಷೀನು

ತಂಗೆವ್ವ, ತಮ್ಮಣ್ಣ,

ಹೋದ ದೀಪಾವಳಿಗೆ ನಿಮ್ಮ ಶಹಾಪುರದ ಅಜ್ಜಿ ಹೋಳಿಗೆ ಬಡಿಸುತ್ತ, ಬಂದ ಬೀಗರೆಲ್ಲರ ಮುಂದೆ, "ನನ್ನ ತಮ್ಮನ್ನ ಈಕಿನ ತಿಂದ್ಲು. ಗುಳಿಗಿ ಕೊಡದ ಕೊಂದ್ಲು" ಎಂದಳು. ನೀವಿಬ್ಬರೂ ನನ್ನ ಮುಖ ನೋಡಿದಿರಿ. ನಾನು ತಟ್ಟೆ ನೋಡುತ್ತ ಕೂತೆ. ನಾಲ್ಕು ಜನ ಸೇರಿದಲ್ಲಿ ನನಗೆ ಮಾತು ಬರುವುದಿಲ್ಲ. ಬೋನಾಳದ ಸಾಲೆಯಲ್ಲಿ ಐದನೇತ್ತದವರೆಗೆ ಕಲಿತೆ. ಉತ್ತರ ಗೊತ್ತಿದ್ದರೂ ಒಂದು ದಿನವೂ ಕೈ ಎತ್ತಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಅಜ್ಜ ಯಾರ ತಪ್ಪಿನಿಂದ ಹೋದರು ಎಂಬುದನ್ನು ನೀವು ಒಬ್ಬಳ ಬಾಯಿಂದಷ್ಟೇ ಕೇಳಿ ಬೆಳೆಯಬಾರದು.

ಶಹಾಪುರದ ಅಜ್ಜಿ ನಿಮ್ಮ ಅಜ್ಜನ ಅಕ್ಕ; ನಾನೂ ಅಕ್ಕ ಎಂದೇ ಕರೆಯುತ್ತೇನೆ. ಆಕೆಯ ಮಗನಿಗೇ, ಅಂದರೆ ನಿಮ್ಮ ಅಪ್ಪನಿಗೇ, ನಮ್ಮ ಮಗಳನ್ನು ಕೊಟ್ಟೆವು. ಹೊರಗಿನ ಅಳಿಯನಾಗಿದ್ದರೆ ಒಂದು ಮಾತು ಅನ್ನಬಹುದಿತ್ತೇನೋ. ಇವನು ಅಕ್ಕನ ಮಗನೂ ಹೌದು, ಮಗಳ ಗಂಡನೂ ಹೌದು. ಅವನು ತಂದುಕೊಟ್ಟದ್ದರಲ್ಲಿ ಕೊರತೆ ಇದೆ ಎಂದು ನಮ್ಮ ಮನೆಯಲ್ಲಿ ಯಾರೂ ಅನ್ನುವ ಹಾಗಿರಲಿಲ್ಲ.

ಸುರಪುರದಲ್ಲಿ ನಮ್ಮದು ಹಿಟ್ಟಿನ ಗಿರಣಿ. ಒಂದು ದಿನ ನಿಮ್ಮ ಅಜ್ಜನಿಗೆ ಕಣ್ಣು ಕತ್ತಲೆ ಬಂದಂತಾಗಿ ದವಾಖಾನೆಗೆ ಹೋದಾಗ ಬಿಪಿ ಇದೆ ಎಂದು ಗೊತ್ತಾಯಿತು. ದಿನಾ ಬೆಳಿಗ್ಗೆ ಒಂದು ಬಿಳಿ ಗುಳಿಗೆ, ಸಾಯುವವರೆಗೂ ಬಿಡಬಾರದು ಎಂದು ಡಾಕ್ಟರು ಹೇಳಿದ್ದರು. ನಿಮ್ಮ ಅಜ್ಜನಿಗೆ ಗುಳಿಗೆ ಎಂದರೆ ಅವಮಾನ. ಎರಡು ಮೂಟೆ ಜೋಳ ಒಮ್ಮೆಗೇ ಎತ್ತುವ ನನಗೆ ಇದೇನು ಎಂದು ದಿನಾ ಬೈದುಕೊಂಡೇ ನುಂಗುತ್ತಿದ್ದರು.

ನಿಮ್ಮ ಅಪ್ಪ ದುಬೈಯಲ್ಲಿ ಹೋಟೆಲೊಂದರ ಗಾಡಿ ಓಡಿಸುತ್ತಿದ್ದ. ಆ ವರ್ಷ ರಜೆಗೆ ಬಂದಾಗ ಮಾವನಿಗೆಂದು ಬಿಪಿ ನೋಡುವ ಮಷೀನು ತಂದ. ತೋಳಿಗೆ ಪಟ್ಟಿ ಕಟ್ಟಿ ಗುಂಡಿ ಒತ್ತಿದರೆ ತಾನೇ ಗಾಳಿ ತುಂಬಿಕೊಂಡು ನಂಬರು ತೋರಿಸುವಂಥದ್ದು. ಶಹಾಪುರದ ಮನೆಯಲ್ಲಿ ಎಲ್ಲರೂ ಕೂತಿದ್ದರು. ಪೆಟ್ಟಿಗೆಯೊಳಗೆ ಅಂಗಡಿಯ ಬಿಲ್ಲು, ಗ್ಯಾರಂಟಿ ಚೀಟಿ ಎರಡೂ ಇದ್ದವು. ಕೊಡುವ ವಸ್ತುವಿನ ಬೆಲೆ ತಗೊಳ್ಳುವವರಿಗೆ ಕಾಣಬಾರದಲ್ಲ, ಅವನು ಎರಡನ್ನೂ ಸೇರಿಸಿ ಹರಿದ. "ಮಾವಗ ಕೊಡೋ ಸಾಮಾನಿಗಿ ಬಿಲ್ ಯಾಕ್ರಿ?" ಎಂದ. ಎಲ್ಲರೂ ಶಹಬ್ಬಾಸ್ ಎಂದರು. ಚೂರುಗಳನ್ನು ಗುಡಿಸಿ ಒಲೆಗೆ ಹಾಕಿದವಳು ನಾನೇ.

ಮಷೀನು ಗಿರಣಿಯ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಕೂತಿತು. ಜೋಳ ಬೀಸಿಸಲು ಬಂದವರೆಲ್ಲ ತೋಳು ಚಾಚುವವರೇ. ನೂರಾ ಹದಿನೆಂಟು, ನೂರಾ ಇಪ್ಪತ್ತು, ನೂರಾ ಇಪ್ಪತ್ತೆರಡು. ಯಾರಿಗೂ ಬಿಪಿ ಇರಲಿಲ್ಲ. ನಿಮ್ಮ ಅಜ್ಜನಿಗೂ ಇರಲಿಲ್ಲ. ಒಂದು ವಾರ ಬೆಳಿಗ್ಗೆ ಸಂಜೆ ನೋಡಿಕೊಂಡು, "ಈ ಡಾಕ್ಟರಗೋಳು ಸುಮ್ಮ ಗುಳಿಗಿ ಮಾರಾಕ ಹೆದರಸ್ತಾರ" ಎಂದು ಗುಳಿಗೆ ಬಿಟ್ಟರು. ನಾನು ಚಹಾದ ಬಟ್ಟಲ ಪಕ್ಕ ಗುಳಿಗೆ ಇಡುತ್ತಿದ್ದೆ. ಅವರು ಅದನ್ನು ಬೆರಳಿನಿಂದ ಚಿಮ್ಮಿ ಅಂಗಳಕ್ಕೆ ಒಗೆಯುತ್ತಿದ್ದರು. ಕೋಳಿ ಬಂದು ಮೂಸಿ ಹೋಗುತ್ತಿತ್ತು.

ನನಗೆ ಅನುಮಾನ ಬಂದದ್ದು ಪಕ್ಕದ ಮನೆಯ ಮುದುಕಿಯಿಂದ. ಆಕೆ ಆವತ್ತೇ ಬೆಳಿಗ್ಗೆ ದವಾಖಾನೆಗೆ ಹೋಗಿ ನೂರಾ ಎಂಬತ್ತು ಎಂದು ಬರೆಸಿಕೊಂಡು ಬಂದಿದ್ದಳು. ಮಧ್ಯಾಹ್ನ ಗಿರಣಿಯಲ್ಲಿ ನೂರಾ ಹತ್ತೊಂಬತ್ತು ಬಂತು. ಮುದುಕಿ ಖುಷಿಯಿಂದ ಮನೆಗೆ ಹೋದಳು. ನಾನು ಯಾರೂ ಇಲ್ಲದಾಗ ಮಷೀನು ಒಳಗೆ ತಂದು, ಹೊದೆಯುವ ಕೌದಿಯೊಂದನ್ನು ಸುತ್ತಿ ತೋಳಿನಷ್ಟು ದಪ್ಪ ಮಾಡಿ, ಅದಕ್ಕೆ ಪಟ್ಟಿ ಕಟ್ಟಿ ಗುಂಡಿ ಒತ್ತಿದೆ. ನೂರಾ ಇಪ್ಪತ್ತೊಂದು, ಎಪ್ಪತ್ತೊಂಬತ್ತು. ಮತ್ತೆ ಒತ್ತಿದೆ. ನೂರಾ ಹದಿನೆಂಟು, ಎಂಬತ್ತು. ಕೌದಿಗೂ ಬಿಪಿ ಇರಲಿಲ್ಲ.

ಮರುದಿನ ಶಹಾಪುರದಿಂದ ಅಕ್ಕ ಬಂದಳು, ನಿಮ್ಮ ಅವ್ವನನ್ನೂ ಕರೆದುಕೊಂಡು. ತಮ್ಮಣ್ಣ, ನೀನಾಗ ತೊಡೆಯ ಮೇಲಿದ್ದ ಕೂಸು; ತಂಗೆವ್ವ ಗಿರಣಿಯ ಹಿಟ್ಟಿನಲ್ಲಿ ಆಡುತ್ತಿದ್ದಳು. ನಿಮ್ಮ ಅಜ್ಜ ಒಬ್ಬರೇ ಇದ್ದಾಗ ಹೇಳೋಣವೆಂದು ಬೆಳಿಗ್ಗೆಯಿಂದ ಕಾದೆ. ಆಗಲಿಲ್ಲ. ಅವರು ಮತ್ತೆ ಪಟ್ಟಿ ಕಟ್ಟಿಕೊಳ್ಳುವುದನ್ನು ನೋಡಿ ತಡೆಯಲಾರದೆ, "ಅದು ಸುಳ್ಳ ತೋರಸ್ತದರಿ. ನಾ ಕೌದಿಗಿ ಕಟ್ಟಿ ನೋಡೀನಿ" ಎಂದೆ.

ಗಿರಣಿಯಲ್ಲಿ ಆರೇಳು ಜನ ಇದ್ದರು. ಎಲ್ಲರೂ ನಕ್ಕರು.

"ಐದನೇತ್ತ ಕಲತಾಕಿ ದುಬೈ ಮಷೀನಿಗಿ ಪರೀಕ್ಷಾ ಇಟ್ಟಾಳ ನೋಡ್ರಪಾ" ಎಂದರು ನಿಮ್ಮ ಅಜ್ಜ.

"ಕೌದಿಗಿ ಯಾಕ ಕಟ್ಟಿದೆವ್ವಾ? ಹಿತ್ತಲದಾಗ ಎಮ್ಮಿ ಇತ್ತಲ್ಲ, ಅದಕ್ಕ ಕಟ್ಟಬೇಕಾಗಿತ್ತು. ಅದು ನಿನಗಿಂತ ಶ್ಯಾಣೇ ಅದ" ಎಂದಳು ಅಕ್ಕ. ಮತ್ತೆ ನಗು. ಆಮೇಲೆ ಆಕೆಯ ದನಿ ಬದಲಾಯಿತು. "ನನ್ನ ಮಗ ಕೊಟ್ಟದ್ದಂದ್ರ ನಿನಗ ಹೊಟ್ಟಿ ಉರೀತದ. ನಿನ್ನ ತವರಮನಿಯಿಂದ ಏನ ಬಂದದ ಈ ಮನಿಗಿ? ಬೋನಾಳ ಕೆರಿ ನೀರೇನು?"

ನಾನು ನಿಮ್ಮ ಅವ್ವನ ಕಡೆ ನೋಡಿದೆ. ಆಕೆ ಸುಮ್ಮನಿರು ಎನ್ನುವಂತೆ ಕಣ್ಣಲ್ಲೇ ಬೇಡಿಕೊಂಡಳು. ಸಂಜೆ ಬಸ್ಸಿಗೆ ಅತ್ತೆಯ ಜೊತೆ ಆ ಮನೆಗೇ ಹೋಗಬೇಕಾದವಳು ಆಕೆ. ನಾನು ಒಳಗೆ ಹೋದೆ.

ಮುಂದಿನದನ್ನು ಬಿಟ್ಟು ಬರೆದರೆ ಇದೆಲ್ಲ ಬರೆದೂ ದಂಡ. ಮರುದಿನ ಬೆಳಿಗ್ಗೆ ನಾನು ಚಹಾದ ಪಕ್ಕ ಗುಳಿಗೆ ಇಡಲಿಲ್ಲ. ಅದರ ಮರುದಿನವೂ ಇಡಲಿಲ್ಲ. ಡಬ್ಬಿಯಲ್ಲಿ ಗುಳಿಗೆ ಇದ್ದವು. ಇಟ್ಟಿದ್ದರೂ ಅವರು ಒಗೆಯುತ್ತಿದ್ದರು, ಅದು ಖರೆ. ಆದರೆ ನಾನು ಇಡದೆ ಹೋದದ್ದು ಅದಕ್ಕಲ್ಲ. ಏನಾದರೂ ಆಗಲಿ, ಆಗ ಯಾರು ನಗುತ್ತಾರೆ ನೋಡೋಣ ಎಂದು ಒಲೆಯ ಮುಂದೆ ಕೂತು ಮನಸ್ಸಿನಲ್ಲಿ ಅಂದುಕೊಂಡಿದ್ದೆ. ಈ ಮಾತನ್ನು ಇವತ್ತಿನವರೆಗೆ ಯಾರಿಗೂ ಹೇಳಿಲ್ಲ.

ಎರಡು ತಿಂಗಳೂ ತುಂಬಿರಲಿಲ್ಲ. ಬೆಳಿಗ್ಗೆ ಪಟ್ಟಿ ಕಟ್ಟಿ ನೂರಾ ಇಪ್ಪತ್ತು ನೋಡಿಕೊಂಡು, ಗಿರಣಿಯ ಬೆಲ್ಟು ಹಾಕಲು ಬಗ್ಗಿದವರು ಅಲ್ಲೇ ಕುಸಿದರು. ಬಾಯಿ ಒಂದು ಕಡೆಗೆ ಸೊಟ್ಟಗಾಗಿತ್ತು. ದವಾಖಾನೆಯಲ್ಲಿ ನೋಡಿದರೆ ಇನ್ನೂರು ದಾಟಿತ್ತು. ಅಲ್ಲಿಂದ ಯಾದಗಿರಿಗೆ ಕಳಿಸಿದರು. ಎಂಟು ದಿನ ಮಲಗಿದ್ದರು. ಒಂದು ಕಣ್ಣಿನಿಂದ ನನ್ನನ್ನೇ ನೋಡುತ್ತಿದ್ದರು; ಮಾತು ಹೋಗಿತ್ತು. ಏನು ಹೇಳಬೇಕೆಂದಿದ್ದರೋ ನನಗೆ ಗೊತ್ತಿಲ್ಲ, ಒಳ್ಳೆಯದೇ ಎಂದು ನಾನು ನಂಬಿಕೊಂಡೂ ಇಲ್ಲ.

"ಗುಳಿಗಿ ಯಾರು ಬಂದ್ ಮಾಡಿದ್ರು?" ಎಂದು ನರ್ಸಮ್ಮ ಕೇಳಿದಳು.

"ಈಕಿನ್ನ ಕೇಳ್ರಿ, ಮನಿಯಾಗ ಇರಾಕಿ ಈಕಿ" ಎಂದಳು ಅಕ್ಕ. ನರ್ಸಮ್ಮ ನನ್ನ ಕಡೆ ತಿರುಗಿದಳು. ನಾನು ಬಗ್ಗಿ ಅವರ ಹೊದಿಕೆ ಸರಿಪಡಿಸಿದೆ. ಕೊಂದವಳು ನಾನು ಎಂಬ ಕಥೆ ಹುಟ್ಟಿದ್ದು ಅಲ್ಲೇ, ಆ ಮಂಚದ ಪಕ್ಕದಲ್ಲೇ.

ಅವರು ಹೋಗಿ ದಿನಕರ್ಮ ಮುಗಿದ ಮೇಲೆ ಮಷೀನನ್ನು ಚೀಲದಲ್ಲಿ ಹಾಕಿಕೊಂಡು ಒಬ್ಬಳೇ ಯಾದಗಿರಿ ಬಸ್ಸು ಹತ್ತಿದೆ. ಕೆಟ್ಟ ಸಾಮಾನು ಮಾರಿದವರ ಮೇಲೆ ದೂರು ಕೊಡುವ ಕೋರ್ಟು ಅಲ್ಲಿದೆ ಎಂದು ಟೀವಿಯಲ್ಲಿ ಕೇಳಿದ್ದೆ. ನನಗೆ ದುಡ್ಡು ಬೇಕಿರಲಿಲ್ಲ. ತಪ್ಪು ಮಷೀನಿನದು ಎಂದು ಒಂದು ಕಾಗದದ ಮೇಲೆ ಯಾರಾದರೂ ಬರೆದುಕೊಟ್ಟರೆ ಸಾಕಿತ್ತು. ಬಾಗಿಲ ಹೊರಗೆ ಒಂದು ಗಂಟೆ ನಿಂತೆ. ಕೊನೆಗೆ ಅಲ್ಲಿದ್ದ ಹೆಣ್ಣು ವಕೀಲರೊಬ್ಬರೇ, "ಏನವ್ವಾ, ಯಾರ ಬೇಕು?" ಎಂದು ಕರೆದು ಕೂರಿಸಿಕೊಂಡರು.

ಕೊಂಡವರಷ್ಟೇ ಅಲ್ಲ, ಕೊಂಡವರು ಒಪ್ಪಿ ಕೊಟ್ಟಿದ್ದನ್ನು ಬಳಸಿದವರೂ ಕಾನೂನಿನಲ್ಲಿ ಗ್ರಾಹಕರೇ ಎಂದು ಅವರು ಹೇಳಿದರು. ನಮ್ಮ ಜಿಲ್ಲೆಯಲ್ಲೇ ದೂರು ಕೊಡಬಹುದು, ಮಷೀನನ್ನು ಪರೀಕ್ಷೆಗೂ ಕಳಿಸಬಹುದು. "ಆದ್ರ ಮಾರಿದ ಅಂಗಡಿ ದುಬೈದಾಗದ. ಇಲ್ಲಿಯ ಆರ್ಡರ್ ಅಲ್ಲಿಗಿ ಮುಟ್ಟೋದು ಕಷ್ಟ. ಕಂಪನಿಯವ್ರ ಆಫೀಸ್ ಇಲ್ಲಿದ್ರೂ, ಅಲ್ಲಿ ಮಾರಿದ್ದಕ್ಕ ಅಲ್ಲೇ ಗ್ಯಾರಂಟಿ ಅಂತಾರ. ಜಗಳ ಆಡಬೇಕಾಗ್ತದ. ಬಿಲ್ ಎಲ್ಲದ?"

"ಸುಟ್ಟೀನ್ರಿ" ಎಂದೆ.

ಅವರು ನನ್ನ ಮುಖವನ್ನೇ ನೋಡಿದರು. "ಕಾರ್ಡಿನ್ಯಾಗ ರೊಕ್ಕ ಕೊಟ್ಟಿದ್ರ ಅಂಗಡಿಯವ್ರು ಇನ್ನೊಂದು ಬಿಲ್ ತಗದು ಕೊಡಬಹುದು. ಕೊಂಡವ್ರು ಕೇಳಬೇಕು. ನಾನ ಕೊಂಡೀನಿ, ನಾನ ಇವರಿಗಿ ಕೊಟ್ಟೀನಿ ಅಂತ ಅವ್ರ ಕಡಿಂದ ಒಂದ ಹಾಳಿ ಬರಸ್ಕೊಂಡ ಬರ್ರಿ. ಉಳಿದದ್ದು ನಾ ನೋಡ್ತೀನಿ."

ಹಿಂತಿರುಗಿ ಬರುವಾಗ ಶಹಾಪುರದಲ್ಲಿ ಇಳಿದೆ. ನಿಮ್ಮ ಅಪ್ಪ ಮಾವನ ಮಣ್ಣಿಗೆಂದು ಬಂದವನು ಇನ್ನೂ ಮರಳಿ ಹೋಗಿರಲಿಲ್ಲ. ಪಡಸಾಲೆಯಲ್ಲಿ ಕೂತು ಎಲ್ಲವನ್ನೂ ಹೇಳಿದೆ. ನನ್ನ ಜೀವಮಾನದಲ್ಲಿ ಅಷ್ಟು ಉದ್ದ ಮಾತನ್ನು ಒಮ್ಮೆಗೇ ಆಡಿದ್ದು ಅದೊಂದೇ ಸಲ.

ಅವನು ತಲೆ ತಗ್ಗಿಸಿ ಕೇಳಿದ. ಕೆಟ್ಟವನಲ್ಲ ನಿಮ್ಮ ಅಪ್ಪ. "ಕಾರ್ಡಿನ್ಯಾಗ ಕೊಟ್ಟಿದ್ದೆ ಅತ್ತಿ. ಕೇಳಿದ್ರ ಬಿಲ್ ಸಿಗ್ತದ" ಎಂದ. ಆಮೇಲೆ, "ಆದ್ರ ಆ ಹಾಳಿಗಿ ನಾ ಹ್ಯಾಂಗ ಸಹಿ ಮಾಡ್ಲಿ? ನಾ ಕೊಟ್ಟ ಸಾಮಾನಿನಿಂದ ಮಾವ ಸತ್ತ ಅಂತ ನನ್ನ ಕೈಲೆ ಬರದು ಕೊಟ್ಟಂಗ ಆಗ್ತದ" ಎಂದ.

"ನಿನ್ನ ತಪ್ಪಲ್ಲೋ, ಅಂಗಡಿಯವ್ರದು" ಎಂದೆ.

ಬಾಗಿಲಲ್ಲಿ ನಿಂತಿದ್ದ ಅಕ್ಕ ಒಳಗೆ ಬಂದಳು. "ಸಹಿ ಬೇಕೇನು? ಮಾಡಸ್ತೀನಿ ತಗೋ. ಮಾಡಿಸಿದ ಮ್ಯಾಲ ನಿನ್ನ ಮಗಳನ್ನೂ ಕರಕೊಂಡ ಹೋಗು. ಎರಡೂ ಒಂದ ಚೀಲದಾಗ ಹಾಕ್ಕೋ. ನನ್ನ ಮಗ ಕೊಲೆಗಾರ ಆದ್ರ ಕೊಲೆಗಾರನ ಮನಿಯಾಗ ನಿನ್ನ ಮಗಳು ಯಾಕಿರಬೇಕು?"

ನಿಮ್ಮ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಬಡಿಯುವ ಸಪ್ಪಳ ನಿಂತಿತು. ಅವಳು ಎದ್ದು ಬಂದು ಒಂದು ಮಾತಾದರೂ ಆಡುತ್ತಾಳೆ ಎಂದು ಕಾದೆ. "ಯವ್ವಾ, ಸುರಪುರ ಬಸ್ಸು ಬರೋ ಹೊತ್ತಾತು. ನೀ ಹೋಗು" ಎಂದಳು ಒಳಗಿನಿಂದಲೇ. ಮತ್ತೆ ಸಪ್ಪಳ ಶುರುವಾಯಿತು.

ಚೀಲ ಎತ್ತಿಕೊಂಡಾಗ ಅಕ್ಕ ಅದರಿಂದ ಮಷೀನು ತೆಗೆದುಕೊಂಡಳು. "ನನ್ನ ಮಗ ತಂದದ್ದು, ಇಲ್ಲೇ ಇರ್ಲಿ. ನಿನಗ್ಯಾಕ, ಕೌದಿ ಆರಾಮ ಅದಾವ ಹೌದಿಲ್ಲೋ?"

ಅದು ಕೆಟ್ಟಿಲ್ಲ ಎಂದು ತೋರಿಸಲೇಬೇಕಾಗಿತ್ತು ಆಕೆಗೆ. ಅವತ್ತಿನಿಂದ ದಿನಾ ಬೆಳಿಗ್ಗೆ ಪಟ್ಟಿ ಕಟ್ಟಿಕೊಳ್ಳುತ್ತಾಳೆ. ನೀವು ನೋಡುತ್ತಲೇ ಇದ್ದೀರಿ. ಬಂದವರಿಗೆಲ್ಲ ನಂಬರು ಹೇಳುತ್ತಾಳೆ. ಈಚೆಗೆ ಆಕೆಗೆ ಮುಖ ಕೆಂಪಾಗುತ್ತದೆ, ಮೆಟ್ಟಿಲು ಹತ್ತಿದರೆ ತಲೆ ಹಿಡಿದುಕೊಂಡು ಕೂರುತ್ತಾಳೆ. ನಿಮ್ಮ ಅಜ್ಜನಿಗೂ ಹೀಗೇ ಆಗುತ್ತಿತ್ತು. ದೀಪಾವಳಿಯ ದಿನ ಹೋಳಿಗೆ ಬಡಿಸುವಾಗ ಆಕೆಯ ಕೈ ಗೋಡೆ ಹುಡುಕಿದ್ದನ್ನು ನಾನು ನೋಡಿದೆ. ಒಂದು ಸಲ ದವಾಖಾನೆಯಲ್ಲಿ ತೋರಿಸು ಅನ್ನಬಹುದಿತ್ತು. ನಾಲಿಗೆಯ ತುದಿಗೂ ಬಂದಿತ್ತು. ಅಷ್ಟರಲ್ಲಿ ಆಕೆ ಆ ಮಾತು ಆಡಿದಳು, ನಾನು ನುಂಗಿಕೊಂಡೆ.

ನಾಚಿಕೆಯಿಂದ ಸುಮ್ಮನಿದ್ದೆ ಎಂದು ಬರೆದರೆ ನೀವು ನಂಬುತ್ತೀರಿ. ಅಷ್ಟೇ ಆಗಿರಲಿಲ್ಲ. ತಂಗೆವ್ವ, ಈ ಹಾಳೆಗಳನ್ನು ನೀನು ಹತ್ತನೇತ್ತ ಪಾಸಾದ ದಿನ ಕೈಗೆ ಕೊಡಬೇಕೆಂದಿದ್ದೇನೆ. ಅದಕ್ಕಿನ್ನೂ ಮೂರು ವರ್ಷ ಇದೆ. ಅಷ್ಟರೊಳಗೆ ಆಕೆಗೆ ಏನಾಗಬಹುದೋ ನನಗೆ ಗೊತ್ತು. ಗೊತ್ತಿದ್ದೂ ನಾಳೆಯೇ ಕೊಡುವ ಮನಸ್ಸು ಬರುತ್ತಿಲ್ಲ. ಓದಿದಾಗ ಆಕೆ ಇನ್ನೂ ಇದ್ದರೆ ಮೊದಲು ದವಾಖಾನೆಗೆ ಕರೆದುಕೊಂಡು ಹೋಗು. ನೀನು ಆ ಮನೆಯ ಮಗಳು, ನಿನ್ನ ಮಾತು ಕೇಳುತ್ತಾಳೆ. ಇರದಿದ್ದರೆ ಅದರಲ್ಲಿ ನನ್ನ ಪಾಲೂ ಇದೆ ಎಂದು ತಿಳಿದುಕೋ.

ಈ ಹಾಳೆಗಳನ್ನು ಶಹಾಪುರದ ಮನೆಯಲ್ಲಿ ಇಡಬೇಡಿ. ಅವ್ವನ ಕೈಗೂ ಕೊಡಬೇಡಿ. ಮಷೀನಿನ ವಿಷಯ ಆಕೆಗೆ ಎಲ್ಲ ಗೊತ್ತು, ಓದಿದರೆ ಹರಿಯುತ್ತಾಳೆ. ನಿಮ್ಮ ಸಾಲೆಯ ಸರ್ಟಿಫಿಕೇಟುಗಳ ಜೊತೆ, ನೀರು ತಾಗದಂತೆ, ಇಬ್ಬರಲ್ಲಿ ಒಬ್ಬರ ಹತ್ತಿರ ಯಾವಾಗಲೂ ಇರಲಿ.