ಹುಲ್ಲಿನ ಮಿಷನ್ನೂ ನಮ್ಮ ಮನೆಯವರ ಕಿವಿಯೂ

ಅಂಗಡಿಯವರು ನಕ್ಕರೆ ನನಗೆ ಅನುಮಾನ. ನಗದಿದ್ದರೆ ಇನ್ನೂ ಅನುಮಾನ. ಬಾಳೆಹಣ್ಣು ಕೊಳ್ಳುವಾಗಲೂ ಚಿಪ್ಪನ್ನು ತಿರುಗಿಸಿ ಹಿಂಬದಿ ನೋಡುವವಳು ನಾನು. ಇಂಥವಳು ಸಾಗರದ ಪೇಟೆಗೆ ಹೋಗಿ ಹುಲ್ಲು ಕತ್ತರಿಸುವ ಮಿಷನ್ ಆರಿಸಬೇಕಾಗಿ ಬಂತು ಎಂದರೆ ಆ ಅಂಗಡಿಯವನ ಗ್ರಹಚಾರವನ್ನು ನೀವೇ ಊಹಿಸಿ.

ಮೊದಲು ಹುಲ್ಲಿನ ವಿಷಯ ಹೇಳಬೇಕು. ಹೊಸನಗರದಿಂದ ರಿಪ್ಪನ್‌ಪೇಟೆ ಕಡೆಗೆ ಹೋಗುವ ದಾರಿಯಲ್ಲಿ ನಮ್ಮ ಮನೆ. ಮನೆ ಚಿಕ್ಕದು, ಎದುರಿನ ಬಯಲು ದೊಡ್ಡದು. ನಮ್ಮ ಮನೆಯವರು ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾಗಿದ್ದರು. ನೌಕರಿ ಪೂರ್ತಿ ಕೆಂಪು ಧೂಳಿನಲ್ಲಿ ನಿಂತು ಸೀಟಿ ಊದಿದವರು, ನಿವೃತ್ತರಾದ ಮೇಲೆ ಒಂದು ಹಸಿರು ಮೈದಾನ ಮಾಡಿಯೇ ತೀರುತ್ತೇನೆಂದು ಹಟ ಹಿಡಿದರು. ನಮ್ಮ ಕಡೆ ಖಾಲಿ ಜಾಗ ಕಂಡರೆ ಜನಕ್ಕೆ ಸಹಿಸಲಾಗದು. ದನ ಸಾಕದ ಮನೆಯವರು ಹುಲ್ಲು ಬೆಳೆಸುತ್ತಾರೆಂದರೆ ಅದರ ಹಿಂದೆ ಏನೋ ಇರಲೇಬೇಕು. ಜಾಗ ತಕರಾರಿನಲ್ಲಿದೆ ಎಂದರು ಕೆಲವರು. ರೆಸಾರ್ಟ್ ಮಾಡುತ್ತಾರಂತೆ ಎಂದರು ಇನ್ನು ಕೆಲವರು. ನನ್ನ ಅನುಮಾನ ಬೇರೆಯೇ ಇತ್ತು.

ಭಾನುವಾರ ಬೆಳಿಗ್ಗೆ ಇಬ್ಬನಿ ಆರಿದ ಕೂಡಲೇ ಇವರು ಪೆಟ್ರೋಲ್ ಮಿಷನ್ ಶುರು ಮಾಡುತ್ತಿದ್ದರು. "ಕಾಫಿ ಆರ್ತಾ ಇದೆ" ಎಂದು ನಾನು ಜಗಲಿಯಿಂದ ಕೂಗಿದರೆ, ಬೆನ್ನು ತೋರಿಸಿಕೊಂಡು ಬೇಲಿಯ ಕಡೆಗೆ ಹೋಗುತ್ತಿದ್ದರು. "ಗ್ಯಾಸಿನವ ಬಂದಿದಾನೆ" ಎಂದರೆ ಇನ್ನೊಂದು ಸಾಲು. ಎಲ್ಲ ಮುಗಿಸಿ, ಬೆವರು ಒರೆಸಿಕೊಳ್ಳುತ್ತಾ ಬಂದು, "ಮಿಷನ್ ಸದ್ದಿಗೆ ಕೇಳ್ಲಿಲ್ಲ ಮಾರಾಯ್ತಿ" ಎಂದು ಆರಿದ ಕಾಫಿಯನ್ನೇ ಕುಡಿಯುತ್ತಿದ್ದರು.

ನಮ್ಮಲ್ಲಿ ಕೂಗುವುದೂ ಒಂದು ವಿದ್ಯೆ. ಮನೆಗಳು ದೂರ ದೂರ. ಗುಡ್ಡದ ಆಚೆ ಇರುವವರನ್ನು 'ಕೂ' ಹಾಕಿ ಕರೆಯುವುದು, ಅವರು 'ಓ' ಎಂದ ಮೇಲೆ ಸುಮ್ಮನಾಗುವುದು ಹಿಂದಿನಿಂದ ಬಂದ ರೂಢಿ. ಅಂಥ ಕಡೆ ಹುಟ್ಟಿದ ಗಂಟಲು ನನ್ನದು. ಗುಡ್ಡ ದಾಟುವ ದನಿ ಅಂಗಳ ದಾಟುವುದಿಲ್ಲವೆಂದರೆ ಹೇಗೆ? ಇವರದಾದರೋ, ಪ್ರಾರ್ಥನೆಯ ಹೊತ್ತಿಗೆ ಕೊನೆಯ ಸಾಲಿನ ಹುಡುಗ ಪಿಸುಗುಟ್ಟಿದರೂ ಹೆಸರು ಹಿಡಿದು ಎಳೆದು ತರುತ್ತಿದ್ದ ಕಿವಿ. "ನಿಜ ಹೇಳಿ, ಕೇಳ್ತಿತ್ತು ಅಲ್ದಾ?" ಎಂದು ಎಷ್ಟೋ ಸಲ ಕೇಳಿದ್ದೇನೆ. ನಗುತ್ತಿದ್ದರು. ಎಂದಾದರೂ ಬಾಯಿ ಬಿಡಿಸಿಯೇ ಬಿಡಿಸುತ್ತೇನೆ ಎಂದುಕೊಂಡಿದ್ದೆ.

ಹೋದ ಬೇಸಿಗೆಯ ಒಂದು ಮಧ್ಯಾಹ್ನ, ಊಟ ಮಾಡಿ ಮಲಗಿದವರು ಏಳಲಿಲ್ಲ. ಕರೆದೆ. ಆಗ ಯಾವ ಮಿಷನ್ ಸದ್ದೂ ಇರಲಿಲ್ಲ.

ಮಳೆಗಾಲದಲ್ಲಿ ಹುಲ್ಲು ಮೊಣಕಾಲು ದಾಟಿತು. ಮಿಷನ್ ಶೆಡ್ಡಿನಲ್ಲೇ ಕೂತು ತುಕ್ಕು ಹಿಡಿಯಿತು. ಮಳೆ ಬಿಟ್ಟ ಮೇಲೆ ರಿಪ್ಪನ್‌ಪೇಟೆಯ ಮೆಕ್ಯಾನಿಕ್ಕಿಗೆ ತೋರಿಸಿದರೆ, ಅವನು ಹಗ್ಗ ಎಳೆದು ನೋಡಿ, "ಇದ್ರ ಜೀವ ಹೋಗಿದೆ ಅಮ್ಮಾ" ಅಂದ. ಅಂದವನೇ ನನ್ನ ಮುಖ ನೋಡಿ, "ಅಂದ್ರೆ, ಪಿಸ್ಟನ್ ಜಾಮ್ ಆಗಿದೆ" ಎಂದು ತಿದ್ದಿಕೊಂಡ. ಸಾವಾದ ಮನೆಯವರ ಎದುರು ಜನ ಎಷ್ಟು ಮಾತು ನುಂಗಿಕೊಳ್ಳಬೇಕೋ, ಪಾಪ.

ಇವರ ಅಕ್ಕ, ನನ್ನ ಅತ್ತಿಗೆ ವಿಮಲಕ್ಕ, ನನಗೆ ಜೊತೆಯಾಗಲೆಂದು ತೀರ್ಥಹಳ್ಳಿಯಿಂದ ಬಂದಿದ್ದರು. "ಹೆಗಲಿಗೆ ಹಾಕ್ಕಳೋ ಮಿಷನ್ನಲ್ಲಿ ಹೊಡ್ಸೇ, ತೋಟದೋರೆಲ್ಲ ಅದ್ರಲ್ಲೇ ಹೊಡ್ಸಲ್ವಾ?" ಎಂದರು.

"ಅದು ಹುಲ್ಲಿಗೆ ತಲೆ ಬೋಳಿಸಿದಂಗೆ ಮಾಡ್ತದೆ ಅತ್ಗೆ. ಕಲ್ಲು ಸಿಡಿದ್ರೆ ಕಿಟಕಿ ಗಾಜೂ ಹೋಗ್ತದೆ."

"ಹಂಗಾರೆ ಒಂದು ದನ ಕಟ್ಟು."

ಅತ್ತಿಗೆಗೆ ಗಟ್ಟಿ ಹಾಲಿನ ಆಸೆ. ಹಾಗಾಗಿ ಆ ಸಲಹೆಯ ಮೇಲೂ ನನಗೆ ನಂಬಿಕೆ ಬರಲಿಲ್ಲ. ಇಬ್ಬರೂ ಸಾಗರದ ಬಸ್ಸು ಹತ್ತಿದೆವು.

ಅಂಗಡಿಯವನು ಮೊದಲು ಕೈಯಲ್ಲಿ ನೂಕುವ ಮಿಷನ್ ತೋರಿಸಿದ. ಎಂಜಿನ್ನೇ ಇಲ್ಲ, ಕೆಡುವುದೇ ಇಲ್ಲವಂತೆ. ಕೆಡುವುದಿಲ್ಲವಾದರೆ ಹಿಂದುಗಡೆ ಅಷ್ಟೊಂದು ಬಿಡಿಭಾಗ ಯಾಕೆ ಇಟ್ಟಿದ್ದಾನೆ? ಕರೆಂಟಿನದು ಹಗುರ. ಆದರೆ ವಯರನ್ನು ಬಾಲದ ಹಾಗೆ ಎಳೆದುಕೊಂಡು ತಿರುಗಬೇಕು, ತನ್ನ ಬಾಲವನ್ನು ತಾನೇ ಕತ್ತರಿಸಿಕೊಳ್ಳುವುದಿಲ್ಲವೆಂದು ಏನು ಖಾತ್ರಿ? ಕೂತು ಓಡಿಸುವ ಮಿಷನ್ ಚಿತ್ರದಲ್ಲಿ ಮಾತ್ರ ಇತ್ತು. ಅತ್ತಿಗೆ ಅದನ್ನು ಬಹಳ ಹೊತ್ತು ನೋಡಿ, "ಸಂತೆಗೂ ಇದ್ರಲ್ಲೇ ಹೋಗ್ಬಹುದು" ಎಂದರು. ಕೊನೆಗೆ ಬ್ಯಾಟರಿಯದು ಬಂತು.

"ಸದ್ದೇ ಇಲ್ಲ ಅಮ್ಮಾ. ಇದು ಓಡ್ತಾ ಇರುವಾಗ್ಲೇ ಫೋನಲ್ಲಿ ಮಾತಾಡ್ಬಹುದು."

ನ್ಯಾಯವಾಗಿ ಅದನ್ನೇ ಕೊಳ್ಳಬೇಕಿತ್ತು. ಆದರೆ ಸದ್ದಿಲ್ಲದ ಮಿಷನ್ ಮನೆಗೆ ಬಂದರೆ ಇವರ ಮೇಲಿನ ನನ್ನ ದೂರು ಎಂದಿಗೂ ಇತ್ಯರ್ಥವಾಗುವುದಿಲ್ಲ. ಇವರು ಬಾಯಿ ಬಿಡದೆ ಹೋದರು. ಇನ್ನು ಸಾಕ್ಷಿ ಹೇಳಬೇಕಾದದ್ದು ಮಿಷನ್ ಒಂದೇ.

"ಪೆಟ್ರೋಲಿಂದು ತೋರ್ಸಿ" ಎಂದೆ.

"ಅದು ಬಾಳ ಗಲಾಟೆ ಅಮ್ಮಾ."

"ಅದೇ ಬೇಕು. ಶುರು ಮಾಡಿ. ನೀವು ಆ ಪೈಪಿನ ರಾಶಿ ಹತ್ರ ನಿಂತ್ಕಂಡು, ಕಾಫಿ ಆರ್ತಾ ಇದೆ ಅಂತ ಕೂಗಿ."

ಅವನು ಅತ್ತಿಗೆಯ ಮುಖ ನೋಡಿದ. "ಕೂಗಪ್ಪಾ, ಕೊಳ್ಳೋರು ಹೇಳಿದ್ಮೇಲೆ" ಎಂದರು ಅತ್ತಿಗೆ. ಅವನು ಮಿಷನ್ ಶುರು ಮಾಡಿ ಪೈಪಿನ ಕಡೆಗೆ ಹೋದ, ನಾನು ಮಿಷನ್ನಿನ ಹಿಡಿಕೆ ಹಿಡಿದು ನಿಂತೆ. ಅವನ ಬಾಯಿ ಅಗಲವಾದದ್ದು ಕಂಡಿತು, ದನಿ ಬರಲಿಲ್ಲ. ಆದರೆ ಪಕ್ಕದ ಕ್ಯಾಂಟೀನಿನವರು ಇಣುಕಿ, "ಎಷ್ಟು ಕಾಫಿ?" ಎಂದು ಬೆರಳು ಎತ್ತಿ ಕೇಳಿದರು. ಅವರಿಗೆ ಕೇಳಿದ್ದು ನನಗೆ ಕೇಳಲಿಲ್ಲ. ಹಾಗಾದರೆ ನಮ್ಮ ಮನೆಯವರು ಹೇಳುತ್ತಿದ್ದದ್ದು ನಿಜವೇ? ಇಲ್ಲ, ತಗಡಿನ ಮಾಡಿನ ಕೆಳಗೆ ಸದ್ದು ಇಮ್ಮಡಿಯಾಗುತ್ತದೆ. ಅಲ್ಲಿ ನಡೆದ ಪರೀಕ್ಷೆಯನ್ನು ನಾನು ಒಪ್ಪಲಿಲ್ಲ. ಇವರದರ ಹಾಗೆಯೇ ಗುಡುಗುವ ಒಂದನ್ನು ಕೊಂಡು ತಂದೆ.

ಉದ್ದ ಹುಲ್ಲಿಗೆ ನೇರ ಬಿಟ್ಟರೆ ಉಸಿರು ಕಟ್ಟುತ್ತದೆ, ಮೊದಲು ಕತ್ತಿಯಲ್ಲಿ ಕೊಯ್ಸಿ ಎಂದಿದ್ದ ಅಂಗಡಿಯವನು. ಅವನನ್ನು ನಂಬದೆ ನೇರವಾಗಿ ಬಿಟ್ಟೆ. ಉಸಿರು ಕಟ್ಟಿತು. ಆಮೇಲೆ ಕತ್ತಿಯಲ್ಲೇ ಕೊಯ್ಯಿಸಿದೆ, ಆ ಹುಲ್ಲು ನೆರೆಮನೆಯ ದನಗಳಿಗೆ ಹಬ್ಬವಾಯಿತು.

ಮುಂದಿನ ಭಾನುವಾರ ಇಬ್ಬನಿ ಆರಿದ ಮೇಲೆ ಹಗ್ಗ ಎಳೆದೆ. ಅತ್ತಿಗೆಗೆ ಕೂಗಲು ಹೇಳಿರಲಿಲ್ಲ. ಹೇಳಿದರೆ ಬೇಕೆಂದೇ ಗಟ್ಟಿಯಾಗಿ ಕೂಗುತ್ತಾರೆಂಬ ಅನುಮಾನ. ಮೊದಲ ಸಾಲು ಸೊಟ್ಟಗೆ ಹೋಯಿತು. ಮೂರನೆಯದಕ್ಕೆ ಕೈ ಹದಕ್ಕೆ ಬಂತು. ಬೇಲಿಯ ಕಡೆಗೆ ಮುಖ ಮಾಡಿ ಹೋಗುತ್ತಿದ್ದೆ.

"ಸುಜಾತಾ, ಕಾಫಿ ಆರ್ತಾ ಇದ್ಯೇ!"

ಕೇಳಿಸಿತು. ಅಸ್ಪಷ್ಟವಾಗಿಯಲ್ಲ, ದನಿಯೊಳಗಿನ ಸಿಡುಕು ಸಮೇತ ಕೇಳಿಸಿತು. ಕಳ್ಳ! ಕಾಫಿ, ಗ್ಯಾಸಿನವನು, ಎಲ್ಲವೂ ಕೇಳಿಸಿತ್ತು ಇವರಿಗೆ. ನಾನು ಗೆದ್ದಿದ್ದೆ. ಗೆದ್ದೆನೆಂದು ಯಾರ ಮುಖಕ್ಕೆ ಹಿಡಿದು ಹೇಳಲಿ?

ಆದರೆ ನನ್ನ ಕಾಲು ನಿಲ್ಲಲಿಲ್ಲ. ಮದುವೆಯಾದಾಗಿನಿಂದ ಕೂಗುವ ಕಡೆಯಲ್ಲೇ ನಿಂತವಳು ನಾನು. ಕರೆಸಿಕೊಳ್ಳುವ ಕಡೆ ಹೇಗಿರುತ್ತದೆಂದು ಗೊತ್ತಿರಲಿಲ್ಲ. ಮುಂದೆ ಕತ್ತರಿಸಬೇಕಾದ ಹುಲ್ಲು. ಬೆನ್ನ ಹಿಂದೆ ಒಂದು ಮನೆ, ಒಂದು ಲೋಟ ಕಾಫಿ, ನನ್ನ ಹೆಸರು. 'ಓ' ಎಂದರೆ ಕರೆದವರು ಸುಮ್ಮನಾಗಿಬಿಡುತ್ತಾರೆ. ಅತ್ತಿಗೆ ಇನ್ನೊಮ್ಮೆ ಕರೆದರು. ನಾನು ಬೇಲಿಯ ಹತ್ತಿರ ತಿರುಗಿ ಇನ್ನೊಂದು ಸಾಲು ಹಿಡಿದೆ.

ಜಗಲಿ ಹತ್ತಿದಾಗ ಅತ್ತಿಗೆ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದರು. "ಆಗ್ಲಿಂದ ಕರೀತಿದೀನಿ, ಕಿವಿ ಕೇಳಲ್ವನೇ?"

"ಮಿಷನ್ ಸದ್ದಿಗೆ ಕೇಳ್ಲಿಲ್ಲ ಅತ್ಗೆ" ಎಂದೆ.

ಅವರು ನನ್ನನ್ನು ಅನುಮಾನದಿಂದ ನೋಡಿದರು. ಆರಿದ ಕಾಫಿ, ನಿಜ ಹೇಳಬೇಕೆಂದರೆ, ಅಷ್ಟೇನೂ ಕೆಟ್ಟದಾಗಿರಲಿಲ್ಲ.