ಸುಮಂಗಲಾ ಟೀಚರ್ ಕಾಗದ ಓದಿದ್ದು

ಗುರುರಾಜ ಮೊದಲು ಟೈಲ್ಸ್ ಮಾರುತ್ತಿದ್ದ. ತೆಲುಗು ಸೀಮೆಯ ಮಣಿಕೊಂಡದ ಸುತ್ತ ಕಂಪ್ಯೂಟರ್ ಕಂಪನಿಗಳು ಎದ್ದಾಗ, ಟೈಲ್ಸಿಗಿಂತ ಮಕ್ಕಳೇ ಬೇಗ ಓಡುವ ಮಾಲು ಅನ್ನುವುದು ಅವನಿಗೆ ಹೊಳೆಯಿತು. ಗೋದಾಮಿಗೆ ಗುಲಾಬಿ ಬಣ್ಣ ಹೊಡೆಸಿ ಶಾಲೆಯ ಬೋರ್ಡು ತೂಗುಹಾಕಿದ. ಕಂಪನಿಯವರ ಮಕ್ಕಳೂ ಬಂದರು, ಆ ಕಂಪನಿಗಳ ಗೋಡೆ ಕಟ್ಟುವವರ ಮಕ್ಕಳೂ ಬಂದರು. ಅವರಲ್ಲಿ ಕನ್ನಡನಾಡಿನಿಂದ ಹೋದವರೇ ಬಹಳ, ಹಾಗಾಗಿ ಕನ್ನಡ ಕಲಿಸಲು ಸೇಡಂ ಕಡೆಯ ಸುಮಂಗಲಾ ಬಂದಳು. ಎರಡು ವರ್ಷವಾದರೂ ಅವಳ ನೌಕರಿ ಕಾಯಂ ಆಗಿರಲಿಲ್ಲ.

ಅವಳ ಪಾಠದ ರೀತಿಯೇ ಬೇರೆ. ಓದುತ್ತ ಓದುತ್ತ ನಡುವೆ ನಿಂತು, ತಲೆಯೊಳಗೆ ನಡೆಯುವುದನ್ನೆಲ್ಲ ಮಕ್ಕಳಿಗೆ ಕೇಳುವಂತೆ ಹೇಳುತ್ತಿದ್ದಳು.

“ಅಜ್ಜಿ ಹಾಡಹಗಲ ಬಾಗಿಲಾ ಯಾಕ ಹಾಕ್ಕೊಂಡ್ಲು? ಇಲ್ಲಿ ನಂಗ ತಿಳೀಲಿಲ್ಲ. ಹಿಂದ ಹೋಗಿ ನೋಡೋಣು. ಹಾಂ, ನಾಯಿ ಬೊಗಳೇದ. ಅಂದ್ರ ಯಾರೋ ಬಂದಾರ.”

ಟೀಚರಿಗೇ ತಿಳಿಯುವುದಿಲ್ಲವೆಂದು ಮಕ್ಕಳು ಮೊದಮೊದಲು ನಕ್ಕವು. ಬರಬರುತ್ತ ತಾವೂ ನಿಲ್ಲತೊಡಗಿದವು. ಗೋಡೆ ಕಟ್ಟುವ ಗೌಂಡಿ ಚಂದ್ರಾಮನ ಮಗಳು ಗಂಗಾ ಬಸ್ ತಪ್ಪಿಹೋಗುತ್ತದೆ ಅನ್ನುವ ಹಾಗೆ ಓದುತ್ತಿದ್ದವಳು, ಅವಳೂ ಒಂದು ದಿನ ತಾನಾಗಿ ನಿಂತಳು.

ಗುರುರಾಜ ಇದನ್ನು ಕಿಟಕಿಯಿಂದ ನೋಡಿದ. “ಟೀಚರ್, ನೀವು ಅಂದದ್ದೆಲ್ಲ ಬರದುಕೊಡ್ರಿ. ಭಾಳ ಛಲೋ ಐತಿ.”

ಬೇರೆ ಟೀಚರುಗಳಿಗೆ ಉಪಯೋಗವಾದೀತೆಂದು ಸುಮಂಗಲಾ ಬರೆದುಕೊಟ್ಟಳು. ಅವನು ಅದನ್ನು ನೋಟ್ಸ್ ಮಾಡಿ ಮಕ್ಕಳಿಗೇ ಹಂಚಿ ಬಾಯಿಪಾಠ ಮಾಡಿಸಿದ.

ಪಾಲಕರ ಸಭೆಯ ದಿನ ನಲವತ್ತು ಮಕ್ಕಳು ಎದ್ದು ನಿಂತು, ಒಂದೇ ಸಲಕ್ಕೆ ತಲೆ ಕೆರೆದುಕೊಂಡು, ಒಂದೇ ದನಿಯಲ್ಲಿ, “ಇಲ್ಲಿ ನನಗೆ ತಿಳಿಯಲಿಲ್ಲ. ಹಿಂದೆ ಹೋಗಿ ನೋಡೋಣ. ಹಾಂ!” ಎಂದವು. ಮೈಸೂರಿನ ಅಹಲ್ಯಾ ಮೇಡಂ, ಕಂಪನಿಯಲ್ಲಿ ದೊಡ್ಡ ಹುದ್ದೆಯವರು, ಚಪ್ಪಾಳೆ ತಟ್ಟಿ, “ಎಷ್ಟು ಚೆನ್ನಾಗಿ ಯೋಚನೆ ಮಾಡ್ತಾರಲ್ವಾ” ಎಂದರು. ಸುಮಂಗಲಾಳಿಗೆ ಅನ್ನದ ತುತ್ತಿನಲ್ಲಿ ಕೂದಲು ಸಿಕ್ಕ ಹಾಗಾಯಿತು. ನುಂಗಲೂ ಆಗದು, ಮಂದಿಯೆದುರು ಉಗುಳಲೂ ಆಗದು.

ಸಭೆ ಮುಗಿದ ಮೇಲೆ ಗಂಗಾಳನ್ನು ಕೇಳಿದಳು, “ನಿನಗ ಎಲ್ಲಿ ತಿಳೀಲಿಲ್ಲ?”

“ಎರಡನೇ ಸಾಲಿನಾಗ್ರಿ. ನೋಟ್ಸಿನಾಗ ಹಂಗ ಐತ್ರಿ.”

ಹೇಸಿಗೆ ಅನ್ನುವುದು ಮೂಗಿಗೆ ಮಾತ್ರ ಬಡಿಯುತ್ತದೆಂದು ಸುಮಂಗಲಾ ಅಲ್ಲಿಯವರೆಗೆ ತಿಳಿದಿದ್ದಳು.

ಮರುದಿನ ಪಾಠದ ನಡುವೆಯೇ ಗುರುರಾಜ ಕಾಗದ ಹಿಡಿದು ಬಂದ. ಮಕ್ಕಳೆದುರು ಕೊಟ್ಟರೆ ದೊಡ್ಡಸ್ತಿಕೆ ಅಲ್ಲವೇ. “ಕಾಯಂ ಆದ್ರಿ ನೋಡ್ರಿ ಟೀಚರ್. ಇಲ್ಲೊಂದು ಸಹಿ ಹಾಕ್ರಿ.”

“ಓದಿ ಹಾಕ್ತೀನ್ರಿ. ಇಂಗ್ಲಿಷಿನಾಗ ಐತಿ, ಮಕ್ಕಳಿಗೆ ಕನ್ನಡದಾಗ ಹೇಳ್ತೀನಿ.” ಅವನು ತಡೆಯುವಷ್ಟರಲ್ಲಿ ಶುರುಮಾಡಿಬಿಟ್ಟಳು. “‘ಶಿಕ್ಷಕಿಯ ಒರಿಜಿನಲ್ ಸರ್ಟಿಫಿಕೇಟುಗಳು ಶಾಲೆಯಲ್ಲೇ ಇರಬೇಕು.’ ಇಲ್ಲಿ ನಂಗ ತಿಳೀಲಿಲ್ಲ. ಜೆರಾಕ್ಸ್ ಯಾಕ ಸಾಲೂದಿಲ್ಲ? ಮುಂದ ನೋಡೋಣು. ‘ಸಂಸ್ಥೆಗೆ ಸೂಕ್ತ ಅನ್ನಿಸಿದಾಗ ಹಿಂದಿರುಗಿಸಲಾಗುವುದು.’”

ಮಕ್ಕಳು ನೋಟ್ಸ್ ತಿರುವಿಹಾಕಿದವು. ಅದರಲ್ಲಿ ಈ ಪಾಠ ಇರಲಿಲ್ಲ. ನೋಟ್ಸ್ ಮುಚ್ಚಿ ಗಂಗಾ ಎದ್ದಳು.

“ಯಾವಾಗ ಅಂತ ಬರದಿಲ್ರಿ ಟೀಚರ್. ಅವರಿಗೆ ಸೂಕ್ತ ಅನ್ನಿಸದಿದ್ರ ಕೊಡೂದಿಲ್ರಿ. ಅಂದ್ರ ನೀವು ಬ್ಯಾರೆ ಸಾಲ್ಯಾಗ ನೌಕರಿ ಹಿಡ್ಯಾಕ ಬರೂದಿಲ್ರಿ.”

“ಹುಡುಗರ ಮುಂದ ಏನ್ರೀ ಇದು ನಾಟಕ?”

“ಇದು ಪಾಠ ರೀ ಸಾಹೇಬ್ರ. ನಾಟಕ ನಿನ್ನೆ ಆತು.”

“ದಿಲ್‌ಸುಖ್‌ನಗರದಾಗ ನೌಕರಿಗಂತ ಬಿ.ಎಡ್. ಆದವರು ಸಾಲುಗಟ್ಟಿ ನಿಂತಾರ. ಸಹಿ ಹಾಕ್ತೀರೋ ಇಲ್ಲೋ?”

ಸುಮಂಗಲಾ ಕಾಗದವನ್ನು ಮಡಚಿ ಅವನ ಕೈಗೇ ಕೊಟ್ಟಳು.

“ಹಂಗಾದ್ರ ಒಂದನೇ ತಾರೀಖಿನಿಂದ ಬರಬ್ಯಾಡ್ರಿ,” ಎಂದು ಅವನು ಹೊರಟುಹೋದ.

ಒಂದನೇ ತಾರೀಖಿಗೆ ಇನ್ನು ಹನ್ನೆರಡು ದಿನ. ನೋಟ್ಸ್ ಚೀಲದೊಳಗಿಡಲು ಹೇಳಿ, ಯಾರೂ ಓದಿರದ ಪಾಠವೊಂದನ್ನು ತೆಗೆಸಿದಳು. ಗಂಗಾ ಓದಿದಳು. ನಾಲ್ಕನೇ ಸಾಲಿಗೆ ನಿಂತು ಟೀಚರ್ ಮುಖ ನೋಡಿದಳು. ಸುಮಂಗಲಾ ಏನೂ ಹೇಳಿಕೊಡಲಿಲ್ಲ. ಹುಡುಗಿ ಬೆರಳನ್ನು ಮೊದಲ ಸಾಲಿಗೆ ತಂದಿಟ್ಟುಕೊಂಡಳು.