ಒಳಕ್ಕೆ ಮಡಚಿದ ಮೂಲೆ

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಅವಳ ಹೆಸರು ‘ಕಾಲೇಜು’. ಕಾಲೇಜಿನಲ್ಲಿ ‘ಲಾಂಡ್ರಿ’. ಎರಡೂ ಕಡೆ ಅವಳನ್ನು ಕರೆಯುತ್ತಿದ್ದದ್ದು ಅವಳು ಆ ಹೊತ್ತಿಗೆ ಇಲ್ಲದ ಜಾಗದ ಹೆಸರಿನಿಂದ. ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಕೂಗುವಾಗ ಮಾತ್ರ ಕಿವಿಗೆ ಬೀಳುತ್ತಿತ್ತು, ಅದೂ ಪಕ್ಕದವಳು ಮೊಣಕೈಯಲ್ಲಿ ತಿವಿದರೆ.

ನೆಲಮಾಳಿಗೆಯ ಆ ಲಾಂಡ್ರಿಯ ಕೆಲಸ ಮೊದಲು ಅವಳ ಅಮ್ಮನದಾಗಿತ್ತು. ಚಾದರ ಇಸ್ತ್ರಿ ಮಾಡುವ ಯಂತ್ರದ ಬಿಸಿ ರೋಲರಿಗೆ ಕೈ ಸಿಕ್ಕಿ ಅಮ್ಮನ ಬಲಗೈ ಬೆರಳುಗಳು ಮಡಚದಂತಾದ ಮೇಲೆ, ಆಸ್ಪತ್ರೆಯವರು ದೊಡ್ಡ ಮನಸ್ಸು ಮಾಡಿ ಅದೇ ಯಂತ್ರದ ಮುಂದೆ ಮಗಳನ್ನು ತಂದು ನಿಲ್ಲಿಸಿದರು. ದೊಡ್ಡವರ ದೊಡ್ಡ ಮನಸ್ಸು ಸಾಮಾನ್ಯವಾಗಿ ಇಷ್ಟೇ ದೊಡ್ಡದಿರುತ್ತದೆ. ರಾತ್ರಿ ಪಾಳಿಯನ್ನು ಹುಡುಗಿ ತಾನೇ ಕೇಳಿ ಪಡೆದಳು. ಹಗಲು ಅವಳಿಗೆ ಬೇರೆ ಕೆಲಸವಿತ್ತು. ಅದೇ ಕಟ್ಟಡದ ಮೂರನೇ ಮಹಡಿಯಲ್ಲಿ ರಕ್ತ ಪರೀಕ್ಷೆ ಮಾಡುವ ಪ್ರಯೋಗಾಲಯವಿದೆ. ನೆಲಮಾಳಿಗೆಯಿಂದ ಅಲ್ಲಿಗೆ ಲಿಫ್ಟಿನಲ್ಲಿ ಹೋದರೆ ಅರೆ ನಿಮಿಷ, ಓದಿ ಹೋದರೆ ಮೂರು ವರ್ಷ. ಅವಳು ಓದಿಯೇ ಹತ್ತಲು ಹೊರಟಿದ್ದಳು.

ಚಾದರ ಮಡಚುವುದು ಇಬ್ಬರ ಕೆಲಸ. ಇನ್ನೊಂದು ತುದಿ ಹಿಡಿಯುತ್ತಿದ್ದವಳು ಅಮ್ಮನ ಹಳೆಯ ಜೊತೆಗಾತಿ. ಎಲ್ಲರಿಗೂ ಆಕೆ ದೊಡ್ಡಕ್ಕ. ‘ಎಳಿ’ ಎಂದರೆ ಇಬ್ಬರೂ ಹಿಂದಕ್ಕೆ ಬಾಗಬೇಕು, ‘ಸೇರ್ಸು’ ಎಂದರೆ ಅಂಚಿಗೆ ಅಂಚು ಕೂಡಿಸಬೇಕು, ‘ಬಾ’ ಎಂದರೆ ಹತ್ತಿರ ಬಂದು ತುದಿ ಒಪ್ಪಿಸಬೇಕು. ಕೊನೆಯಲ್ಲಿ ಮೇಲಿನ ಒಂದು ಮೂಲೆಯನ್ನು ಒಳಕ್ಕೆ ಸಿಕ್ಕಿಸಬೇಕು. ರೋಗಿಯನ್ನು ಒಂದು ಕೈಯಲ್ಲಿ ಆನಿಸಿಕೊಂಡ ನರ್ಸು ಇನ್ನೊಂದು ಕೈಯಲ್ಲಿ ಆ ಮೂಲೆ ಎಳೆದರೆ ಸಾಕು, ಚಾದರ ತಾನೇ ಬಿಚ್ಚಿಕೊಳ್ಳುತ್ತದೆ. ಹರಿದ ಚಾದರವಾದರೆ ಮೂಲೆ ಹೊರಕ್ಕೆ, ಅದು ದರ್ಜಿಗೆ. ಊರಿನ ನಿದ್ದೆಯನ್ನೆಲ್ಲ ತೊಳೆದು, ಒಣಗಿಸಿ, ಮಡಚಿ ಮೇಲಕ್ಕೆ ಕಳಿಸುವ ಹುಡುಗಿಗೆ ಸ್ವಂತಕ್ಕೆ ಒಂದು ಹಿಡಿ ನಿದ್ದೆ ಇರಲಿಲ್ಲ.

“ಏ ಕಾಲೇಜು, ನಿಂತ್ಕೊಂಡೇ ಗೊರಕೆ ಹೊಡೀತೀಯಲ್ಲೇ! ಕುದುರೆನಾ ನೀನು?”

“ಕುದುರೆಗೆ ಪರೀಕ್ಷೆ ಇಲ್ಲ ದೊಡ್ಡಕ್ಕ.”

“ಬಾಯಿ ಮಾತ್ರ ನಿದ್ದೆ ಮಾಡಲ್ಲ ನೋಡು. ಎಳಿ!”

ಬೆಳಿಗ್ಗೆ ಪಾಳಿ ಮುಗಿಸಿ ನೇರ ತರಗತಿಗೆ. ಅವಳು ಕೂರುತ್ತಿದ್ದದ್ದು ಮೊದಲ ಬೆಂಚಿನಲ್ಲಿ, ಏಕೆಂದರೆ ಕೊನೆಯ ಬೆಂಚಿನಲ್ಲಿ ನಿದ್ದೆ ಪಕ್ಕಕ್ಕೇ ಬಂದು ಕೂರುತ್ತದೆ. ದೇಹಕ್ಕೆ ನಿದ್ದೆ ಏಕೆ ಬೇಕು ಎಂಬ ಪಾಠ ನಡೆದ ದಿನ ಮಾತ್ರ ಅವಳು ಪೂರ್ತಿ ಮಲಗಿಬಿಟ್ಟಿದ್ದಳು. ಆ ಪಾಠ ಅಷ್ಟು ಚೆನ್ನಾಗಿ ಅರ್ಥವಾದದ್ದು ಇಡೀ ತರಗತಿಯಲ್ಲಿ ಅವಳೊಬ್ಬಳಿಗೇ.

ಮಧ್ಯಾಹ್ನ ಮನೆಗೆ ಬಂದರೆ ಅಮ್ಮ ಅವಳ ನಿದ್ದೆಯ ಕಾವಲಿಗೆ ನಿಲ್ಲುತ್ತಿದ್ದಳು. ಮನೆ ಎಂದರೆ ತಗಡು ಬಡಿಯುವ ಅಂಗಡಿಯ ಮೇಲಿನ ಒಂದು ಕೋಣೆ. ಅಮ್ಮ ಕರೆಗಂಟೆಯ ತಂತಿ ಕಿತ್ತು, ನಲ್ಲಿಯ ಬಾಯಿಗೆ ಚಿಂದಿ ಕಟ್ಟಿ, ಕೊನೆಗೆ ಕೆಳಗಿಳಿದು ಅಂಗಡಿಯವನ ಎದುರು ನಿಂತಳು.

“ಆ ಸುತ್ತಿಗೆಗೆ ಸ್ವಲ್ಪ ಬಟ್ಟೆ ಸುತ್ತಪ್ಪ, ಮಗಳು ಮಲಗಿದಾಳೆ.”

“ಬಟ್ಟೆ ಸುತ್ತಿದ್ರೆ ಅದು ಸುತ್ತಿಗೆ ಆಗಲ್ಲಮ್ಮ, ದಿಂಬಾಗುತ್ತೆ.”

“ಹಾಗಾದ್ರೆ ದಿಂಬಲ್ಲೇ ಹೊಡಿ.”

ಅವನು ನಕ್ಕ. ಆದರೆ ಅಂದಿನಿಂದ ದೊಡ್ಡ ತಗಡಿನ ಕೆಲಸವನ್ನೆಲ್ಲ ಸಂಜೆಗೆ ತಳ್ಳಿದ. ಇಂಥವರನ್ನು ಯಾವ ವೇದಿಕೆಗೂ ಕರೆದು ಹಾರ ಹಾಕುವುದಿಲ್ಲ. ವೇದಿಕೆಯಲ್ಲಿ ‘ನಿದ್ದೆಗೆಟ್ಟು ಓದಿ, ಮುಂದೆ ಬನ್ನಿ’ ಎಂದು ಮಕ್ಕಳಿಗೆ ಉಪದೇಶ ಮಾಡುವವರು ಮನೆಗೆ ಹೋಗಿ ಹೊದ್ದು ಮಲಗುತ್ತಾರೆ.

ಎರಡನೇ ವರ್ಷದ ಪರೀಕ್ಷೆಯಲ್ಲಿ ಎಡವಟ್ಟಾಯಿತು. ಶರೀರಶಾಸ್ತ್ರದ ಪತ್ರಿಕೆ. ಗೊತ್ತಿದ್ದದ್ದನ್ನೆಲ್ಲ ಬರೆದು ಮುಗಿಸಿದ್ದಳು, ಇನ್ನೂ ಹೊತ್ತಿತ್ತು. ಗಂಟೆ ಹೊಡೆಯುವವರೆಗೆ ರೆಪ್ಪೆ ಮುಚ್ಚೋಣ ಎಂದುಕೊಂಡಳು. ಕಣ್ಣು ಮಲಗಿತು, ಕೈ ಮಲಗಲಿಲ್ಲ. ಗಂಟೆ ಹೊಡೆದಾಗ ಉತ್ತರ ಪತ್ರಿಕೆ ಅಂಚಿಗೆ ಅಂಚು ಸೇರಿ, ಅಚ್ಚುಕಟ್ಟಾಗಿ ಮಡಚಿ, ಮೇಲಿನ ಮೂಲೆ ಒಳಕ್ಕೆ ಸಿಕ್ಕಿಸಿಕೊಂಡು ಮೇಜಿನ ಮೇಲೆ ಕೂತಿತ್ತು.

ಉತ್ತರ ಪತ್ರಿಕೆಯನ್ನು ಮಡಚುವಂತಿಲ್ಲ. ಮಡಚಿದರೆ ಅದು ಮೌಲ್ಯಮಾಪಕರಿಗೆ ಬಿಟ್ಟ ಗುರುತು, ಅಂದರೆ ನಕಲಿನಷ್ಟೇ ದೊಡ್ಡ ಅಪರಾಧ. ಮೇಲ್ವಿಚಾರಣೆಗಿದ್ದ ಮೇಷ್ಟ್ರನ್ನು ಹುಡುಗರು ‘ಹದ್ದು’ ಎನ್ನುತ್ತಿದ್ದರು. ಹದ್ದು ಪತ್ರಿಕೆಯನ್ನು ಎರಡು ಬೆರಳಲ್ಲಿ ಎತ್ತಿಕೊಂಡು, ಹುಡುಗಿಯನ್ನು ಮುಂದೆ ಮಾಡಿಕೊಂಡು ಪ್ರಾಂಶುಪಾಲರ ಕೋಣೆಗೆ ಹಾರಿತು. ಅಪರಾಧ ಸಾಬೀತಾದರೆ ಇಡೀ ವರ್ಷದ ಪರೀಕ್ಷೆಯೇ ರದ್ದು. ಒಂದು ವರ್ಷ ರದ್ದಾದರೆ ಇನ್ನೊಂದು ವರ್ಷ ಹೀಗೆ ಎಚ್ಚರವಿರುವ ಶಕ್ತಿ ಮೈಯಲ್ಲಿ ಉಳಿದಿಲ್ಲವೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಮೂರನೇ ಮಹಡಿ ಅಲ್ಲಿಗೆ ಮುಗಿದಂತೆ.

“ಮಡಚಿದ್ದು ಯಾರು?” ಎಂದರು ಪ್ರಾಂಶುಪಾಲರು.

“ನಾನೇ ಸರ್. ನಿದ್ದೆಯಲ್ಲಿ.”

“ನಿದ್ದೆಯಲ್ಲಿ ಮೂಲೆ ಕೂಡ ಒಳಗೆ ಸಿಕ್ಕಿಸ್ತಾರಾ?” ಹದ್ದು ಕೊಕ್ಕು ತೆರೆಯಿತು. “ಈ ಮೂಲೆ ಯಾರಿಗಮ್ಮ ಸಂಕೇತ?”

“ನರ್ಸುಗಳಿಗೆ ಸರ್.”

ಪ್ರಾಂಶುಪಾಲರು ಹದ್ದಿನತ್ತ ತಿರುಗಿದರು.

“ನಮ್ಮ ಮೌಲ್ಯಮಾಪಕರಲ್ಲಿ ನರ್ಸು ಯಾರಿದಾರೆ?”

“ಒಂದೇ ಕೈಯಲ್ಲಿ ಎಳೆದ್ರೆ ಬಿಚ್ಚಿಕೊಳ್ಳಲಿ ಅಂತ ಸರ್...” ತಾನು ಹೇಳುತ್ತಿರುವುದು ತನ್ನ ಕಿವಿಗೇ ಹುಚ್ಚುಹುಚ್ಚಾಗಿ ಕೇಳಿ ಅವಳು ನಿಲ್ಲಿಸಿದಳು.

ಪ್ರಾಂಶುಪಾಲರು ಕೆಟ್ಟವರಲ್ಲ, ತಲೆನೋವು ಬೇಡದವರು. “ಗುರುತಿಗಾಗಿ ಮಡಚಿದೆ, ತಪ್ಪಾಯ್ತು ಅಂತ ಬರೆದುಕೊಟ್ಟುಬಿಡು. ಈ ಒಂದು ಪತ್ರಿಕೆ ಹೋಗುತ್ತೆ, ವರ್ಷ ಉಳಿಯುತ್ತೆ,” ಎಂದರು. ತಾವು ಮಾಡುತ್ತಿರುವುದು ಉಪಕಾರವೆಂದೇ ಅವರ ನಂಬಿಕೆ.

ಹುಡುಗಿ ಒಂದು ಸಾಲು ಗೀಚಿದ್ದರೆ ಮನೆಗೆ ಹೋಗಿ ಮಲಗಬಹುದಿತ್ತು. ಎಚ್ಚರವಿರುವವರು ಎಷ್ಟೋ ಜನ ಬರೆದುಕೊಡುತ್ತಾರೆ. ಅವಳು ಹೇಳಿದ್ದು ಇಷ್ಟು: “ಮಡಚಿದ್ದು ನಾನೇ ಅಂತ ಬೇಕಾದ್ರೆ ಬರೀತೀನಿ ಸರ್. ಗುರುತಿಗಾಗಿ ಅಂತ ಬರೆಯೋಕಾಗಲ್ಲ. ಹಾಗೆ ಮಾಡಿಲ್ಲ.”

“ಹೊರಗೆ ಕೂತು ಯೋಚಿಸು,” ಎಂದರು ಪ್ರಾಂಶುಪಾಲರು.

ಹೊರಗೆ ಅವಳು ಮುಖಕ್ಕೆ ನೀರು ಎರಚಿಕೊಂಡು ಬಂದಳು. ಬಾಗಿಲಲ್ಲಿದ್ದ ಜವಾನ ತನ್ನ ಹೆಗಲ ಮೇಲಿನ ಟವೆಲ್ ಕೊಟ್ಟ. “ಒರೆಸ್ಕೊ ಮಗಾ. ಒಳಗಿನವರು ಗುಡುಗೋದು ಜಾಸ್ತಿ, ಸಿಡಿಲು ಕಮ್ಮಿ.” ಅವಳು ಬೆಂಚಿನ ಮೇಲೆ ಕೂತಳು.

ಸ್ವಲ್ಪ ಹೊತ್ತಿಗೆ ಒಳಗಿನಿಂದ ಕರೆಗಂಟೆ ಕೇಳಿಸಿತು. ಕರೆಯಲು ಬಂದ ಜವಾನ ಅಲ್ಲೇ ನಿಂತುಬಿಟ್ಟ. ಹುಡುಗಿಯ ತಲೆ ಗೋಡೆಗೆ ಒರಗಿತ್ತು, ಬಾಯಿ ಅರ್ಧ ತೆರೆದಿತ್ತು. ಮಡಿಲಲ್ಲಿದ್ದ ಟವೆಲಿನ ಮೇಲೆ ಕೈ ಮಾತ್ರ ನಿಧಾನವಾಗಿ ಓಡಾಡುತ್ತಿತ್ತು. ಎಳೆಯಿತು, ಸೇರಿಸಿತು, ಮಡಚಿತು, ಮೂಲೆಯೊಂದನ್ನು ಹುಡುಕಿ ಒಳಕ್ಕೆ ಸಿಕ್ಕಿಸಿತು. ತೀಡಿ ಸುಮ್ಮನಾಯಿತು. ಜವಾನ ಎಬ್ಬಿಸಲಿಲ್ಲ. ಬಾಗಿಲು ತೆರೆದು ತಗ್ಗಿದ ದನಿಯಲ್ಲಿ, “ಸಾರ್, ನೀವೇ ಒಂಚೂರು ಎದ್ದು ಬರಬೇಕು,” ಎಂದ.

ಪ್ರಾಂಶುಪಾಲರು ಬಂದರು, ಹಿಂದೆ ಪತ್ರಿಕೆ ಹಿಡಿದ ಹದ್ದು. ಮೂವರೂ ಟವೆಲ್ ನೋಡಿದರು, ಪತ್ರಿಕೆ ನೋಡಿದರು. ಅದೇ ಮಡಿಕೆ, ಅದೇ ಮೂಲೆ. ಹದ್ದು ಪತ್ರಿಕೆಯನ್ನು ಬಿಡಿಸಿ ಅಂಗೈಯಿಂದ ನೇರ ಮಾಡತೊಡಗಿತು. ಗೆರೆ ಹೋಗಲಿಲ್ಲ.

“ಇದು ಉಳಿದ ಪತ್ರಿಕೆಗಳ ಜೊತೆ ಹೋಗಲಿ. ಕಾರಣ ನಾನು ಬರೆದು ಸಹಿ ಹಾಕ್ತೀನಿ,” ಎಂದರು ಪ್ರಾಂಶುಪಾಲರು. ಅಷ್ಟರಲ್ಲಿ ಎಚ್ಚೆತ್ತು ಗಡಬಡಿಸಿ ನಿಂತ ಹುಡುಗಿಗೆ, “ಹೆದರಬೇಡಮ್ಮ. ಆದ್ರೆ ಮೊದಲು ನೀನು ಚೆನ್ನಾಗಿ ನಿದ್ದೆ ಮಾಡಬೇಕು,” ಎಂದರು.

“ಯಾವಾಗ ಸರ್?”

ಅದರಲ್ಲಿ ಕುಹಕವಿರಲಿಲ್ಲ. ಯಾವ ಹೊತ್ತು ಎಂದು ಹೇಳಿದರೆ ಆ ಹೊತ್ತಿಗೆ ಮಲಗಲು ಅವಳು ನಿಜವಾಗಿಯೂ ತಯಾರಿದ್ದಳು.

ಮರುದಿನ ನಸುಕಿನಲ್ಲಿ, ಪಾಳಿಯ ಕೊನೆಯ ರಾಶಿ ಮಡಚುತ್ತ, ಅವಳು ಎಲ್ಲವನ್ನೂ ದೊಡ್ಡಕ್ಕನಿಗೆ ಹೇಳಿದಳು.

“ಸದ್ಯ, ಮೂಲೆ ಹೊರಕ್ಕೆ ಮಡಚಲಿಲ್ಲವಲ್ಲ,” ಎಂದಳು ದೊಡ್ಡಕ್ಕ. “ಮಡಚಿದ್ದಿದ್ರೆ ನಿನ್ನ ಪೇಪರು ದರ್ಜಿಗೆ ಹೋಗಿರೋದು.” ಆಮೇಲೆ ಕೇಳಿದಳು, “ಯಾವಾಗ ಅಂದಿದ್ದಕ್ಕೆ ಏನಂದ್ರು?”

“ಗಡಿಯಾರ ನೋಡಿದ್ರು.”

ದೊಡ್ಡಕ್ಕ ಅವಳ ಕೈಯಿಂದ ಚಾದರದ ತುದಿ ಕಿತ್ತುಕೊಂಡು ಬಾಗಿಲ ಹಿಡಿಕೆಗೆ ಬಿಗಿದು ಕಟ್ಟಿದಳು. “ಪರೀಕ್ಷೆ ಮುಗಿಯೋವರೆಗೂ ಕೊನೇ ರಾಶಿ ನಂದು. ಬಿದ್ಕೊ ಅಲ್ಲಿ.”

“ಒಬ್ರೇ ಹೇಗೆ ದೊಡ್ಡಕ್ಕ...”

“ಒಬ್ಳೇ ಎಲ್ಲಿ? ಇವನಿಲ್ವಾ?” ದೊಡ್ಡಕ್ಕ ಬಾಗಿಲ ಕಡೆ ತಿರುಗಿದಳು. “ಲೋ, ನೀನಾದ್ರೂ ಗೊರಕೆ ಹೊಡೀಬೇಡ. ಎಳಿ!”

ಬಿಸಿಯಾರದ ಚಾದರಗಳ ಮೇಲೆ ಹುಡುಗಿ ಆಗಲೇ ಮಲಗಿಯಾಗಿತ್ತು. ಈ ಸಲ ಕೈ ಕೂಡ.